ತಿರುವಿ ನೋಡದ ಕಾಪಿ

ನನ್ನ ಜೀವನದ ಮೊದಲ ಸೊನ್ನೆ ಬಂದದ್ದು ೧೯೪೭ರಲ್ಲಿ, ಗುಲ್ಬರ್ಗಾದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನ ಪ್ರವೇಶ ಪರೀಕ್ಷೆಯಲ್ಲಿ. ಆ ಸೊನ್ನೆಯನ್ನು ನಾನು ಇವತ್ತಿಗೂ ಒಪ್ಪಿಕೊಂಡಿಲ್ಲ.

ಆಗ ನನಗೆ ಹದಿಮೂರು. ಅಫಜಲಪುರದ ಖಾಸಗಿ ಕನ್ನಡ ಶಾಲೆಯಲ್ಲಿ ಓದಿದವಳು. ಹೈಸ್ಕೂಲು ಸೇರಿದರೆ ಮುಂದೆ ಕಾಲೇಜು, ಸೇರದಿದ್ದರೆ ಮದುವೆ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ಆಗಿದ್ದದ್ದು ನಿಜಾಮರ ರಾಜ್ಯ. ಪ್ರಶ್ನೆಪತ್ರಿಕೆ, ಅಂದರೆ ನಮ್ಮ ಬಾಯಲ್ಲಿ ಪರ್ಚಾ, ಉರ್ದುವಿನಲ್ಲೇ. ಪಕ್ಕದ ಮನೆಯ ಗೆಳತಿ ಉರ್ದು ಶಾಲೆಯವಳು, ನನಗಿಂತ ಒಂದು ತರಗತಿ ಕೆಳಗಿದ್ದಳು. ಆರು ತಿಂಗಳು ನಮ್ಮ ಕಟ್ಟೆಯ ಮೇಲೆ ಕೂರಿಸಿಕೊಂಡು ಅಲಿಫ್, ಬೇ ತಿದ್ದಿಸಿದಳು. ತಪ್ಪಿದರೆ ತಲೆಗೆ ಮೊಟಕುತ್ತಿದ್ದಳು.

ಲೆಕ್ಕದ ಪರ್ಚಾ ಸಲೀಸಾಗಿತ್ತು. ಬಾವಿಯ ಆಳ, ಬಂಡಿಯ ವೇಗ, ಎಲ್ಲ ಬಿಡಿಸಿ ಹಿಗ್ಗುತ್ತ ಹೊರಗೆ ಬಂದೆ.

ಫಲಿತಾಂಶ ಕೇಳಲು ಹೋದಾಗ ಅಲ್ಲಿಯ ದೊಡ್ಡ ಉಸ್ತಾನಿ, ಅಂದರೆ ಹೆಡ್‌ಮಿಸ್ಟ್ರೆಸ್, ನಾನು ಉತ್ತರ ಬರೆದ ಕಾಪಿ ತೆರೆದು ಅಪ್ಪನ ಮುಂದೆ ಹಿಡಿದರು. ಖಾಲಿ ಹಾಳೆ, ಮೇಲೊಂದು ಕೆಂಪು ಸೊನ್ನೆ. ಅಪ್ಪ ನನ್ನತ್ತ ಕೆಕ್ಕರಿಸಿ ನೋಡಿದ. ಒಂದು ಕ್ಷಣದ ಮೇಲೆ ಹೊಳೆಯಿತು. ಬಲದಿಂದ ಎಡಕ್ಕೆ ಬರೆಯುವ ಉರ್ದು ಕಾಪಿಯ ಮೊದಲ ಹಾಳೆ ಇರುವ ಕಡೆ ಕನ್ನಡ ಕಾಪಿಯ ಕೊನೆಯ ಹಾಳೆ ಇರುತ್ತದೆ. ಅಕ್ಷರ ಕಲಿತಿದ್ದೆ, ಕೈಯ ರೂಢಿ ಬದಲಾಗಿರಲಿಲ್ಲ. ಗಡಿಬಿಡಿಯಲ್ಲಿ ನಮ್ಮ ಕಡೆಯಿಂದ ತೆರೆದು ಬರೆದಿದ್ದೆ.

"ಆ ಕಡಿಂದ ತಗೀರಿ, ಎಲ್ಲಾ ಲೆಕ್ಕ ಮಾಡೇನಿ," ಎಂದೆ.

"ಉಲ್ಟಾ ಕಾಪಿ ನಾವು ನೋಡಂಗಿಲ್ಲ. ಸಬ್‌ಕೂ ಏಕೀಚ್ ಪರ್ಚಾ, ಏಕೀಚ್ ಕಾಯ್ದಾ," ಎಂದರು. ಎಲ್ಲರಿಗೂ ಒಂದೇ ಪರ್ಚಾ, ಒಂದೇ ಕಾಯಿದೆ. ಕಾಪಿ ಮುಚ್ಚಿಟ್ಟರು. ತಿರುವಿ ನೋಡಲು ಎಷ್ಟು ಹೊತ್ತು ಬೇಕಿತ್ತು ಹೇಳಿ!

ಒಂದು ವರ್ಷ ರೊಟ್ಟಿ ಬಡಿದೆ. ಜೇವರ್ಗಿಯಿಂದ ಗಂಡಿನ ಕಡೆಯವರು ಬಂದು ನನ್ನನ್ನು ನಡೆಸಿ ನೋಡಿದರು. ಬೇಕೆಂದೇ ಕುಂಟಿದೆ. ಅವರು ಚಹಾ ಕುಡಿದು ಎದ್ದುಹೋದರು. ಅವ್ವ ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಮರುವರ್ಷ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಚಳಿಗಾಲದಲ್ಲಿ ಅದೇ ಶಾಲೆ ಮತ್ತೆ ಪರೀಕ್ಷೆ ಕರೆಯಿತು. ಪರ್ಚಾ ಈಗ ಕನ್ನಡದಲ್ಲಿ. ಇನ್ನು ನ್ಯಾಯ ಸಿಕ್ಕಿತು ಎಂದು ಕುಣಿದೆ, ಗೆಳತಿಯ ಸಪ್ಪೆ ಮುಖ ನೋಡುವವರೆಗೆ. ಈ ಸಲ ಅವಳೂ ಪರೀಕ್ಷೆಗೆ ಕೂರಬೇಕಿತ್ತು. ಕನ್ನಡ ಮಾತಾಡುತ್ತಿದ್ದಳು, ಬರೆಯಲು ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಅ ಆ ತಿದ್ದಿಸುವ ಸರದಿ ನನ್ನದಾಯಿತು. ಮೊಟಕುವ ಸರದಿಯೂ.

"ಮೆಲ್ಲಕ ಹೊಡಿ ಬೇ, ನಾ ಏನು ನಿಮ್ಮನಿ ಎಮ್ಮಿ ಏನು?" ಎನ್ನುತ್ತಿದ್ದಳು.

ಅವಳ ತಾಯಿ ಅವಳನ್ನು ನಮ್ಮಪ್ಪನ ಸಂಗಡ ಕಳಿಸುವಾಗ ಕಣ್ಣೊರೆಸಿಕೊಂಡರು. "ಅಣ್ಣಾ, ದಿನಮಾನ ಬರೋಬರಿ ಇಲ್ರಿ. ಇಬ್ಬರನೂ ಕೂಡೇ ಕರಕೊಂಡು ಬರ್ರಿ."

ಶಾಲೆಯಲ್ಲಿ ಉಸ್ತಾನಿಯ ಜಾಗಕ್ಕೆ ಧಾರವಾಡದ ಕಡೆಯಿಂದ ಬಂದ ಹೊಸ ದೊಡ್ಡ ಅಕ್ಕೋರು ಇದ್ದರು. "ಎಲ್ಲಾರಿಗೂ ಒಂದೇ ಪರ್ಚಾ. ಯಾರರೆ ಬಾಯಿ ಬಿಟ್ರ ಕಾಪಿ ಕಸಗೋತೇನಿ," ಎಂದರು. ಆ ಮೊದಲ ಮಾತು ಕೇಳಿ ನನ್ನ ಕಿವಿ ಬಿಸಿಯಾಯಿತು.

ಗೆಳತಿ ಮುಂದಿನ ಸಾಲಿನಲ್ಲಿದ್ದಳು. ಲೆಕ್ಕದ ಪರ್ಚಾ ಅರ್ಧ ಮುಗಿಸಿ ತಲೆಯೆತ್ತಿದರೆ, ಅವಳು ಕಾಪಿಯನ್ನು ಉರ್ದುವಿನ ಕಡೆಯಿಂದ ತೆರೆದು ಚಕಚಕನೆ ಬರೆಯುತ್ತಿದ್ದಾಳೆ. ಸುಳ್ಳು ಹೇಳುವುದಿಲ್ಲ, ಸೀಟಿಗೆ ಒಬ್ಬಳು ಕಡಿಮೆಯಾದಳು ಎಂದು ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಕೆಮ್ಮಿದೆ, ಅವಳು ತಿರುಗಲಿಲ್ಲ. ಮಾತಾಡಿದರೆ ಇಬ್ಬರ ಕಾಪಿಯೂ ಹೋಗುತ್ತದೆ.

ನನ್ನ ಕಾಪಿ ಮುಚ್ಚಿ, ಮಗುಚಿ ಹಾಕಿದೆ. ಉಳಿದ ನಾಲ್ಕು ಲೆಕ್ಕಗಳನ್ನು ಹಿಂದಿನ ಹಾಳೆಯಿಂದ, ಉರ್ದುವಿನ ಕಡೆಯಿಂದ, ಬರೆದೆ. ಕನ್ನಡದ ಕಡೆ ಬರೆದ ಅರ್ಧದ ಕೊನೆಗೆ ದಪ್ಪಕ್ಷರದಲ್ಲಿ 'ಉಳಿದದ್ದು ಆ ಕಡೆ ಇದೆ' ಎಂದು ಬರೆದೆ. ನೋಡದಿದ್ದರೆ ನಾನೂ ಫೇಲು, ಮದುವೆ ಖಾಯಂ.

ಫಲಿತಾಂಶದ ದಿನ ನಾನು ಪಾಸು, ಗೆಳತಿಗೆ ಲೆಕ್ಕದಲ್ಲಿ ಸೊನ್ನೆ. ಅವಳು ಬಾಗಿಲಲ್ಲೇ ಕುಸಿದಳು. ನಾನು ಕಾಪಿಗಳನ್ನು ತೋರಿಸಿರೆಂದು ಹಟ ಹಿಡಿದೆ. ಅಪ್ಪ ನನ್ನ ತೋಳು ಜಗ್ಗಿದ, ಕೊಸರಿಕೊಂಡೆ. ನನ್ನ ಕಾಪಿಯ ಎರಡೂ ಕಡೆ ಕೆಂಪು ಪೆನ್ಸಿಲು ಓಡಾಡಿತ್ತು.

"ನನ್ನ ಕಾಪಿ ತಿರುವೀರಲ್ರಿ ಅಕ್ಕೋರ? ಆಕಿದೂ ತಿರುವ್ರಿ."

"ಎಲ್ಲಾರಿಗೂ ಒಂದೇ..."

"ಅದಕ್ಕೇ ಅನ್ನಾಕತ್ತೇನ್ರಿ. ಒಂದೇ ಇದ್ರ ಇಬ್ಬರದೂ ತಿರುವ್ರಿ."

ಅಪ್ಪ ಜಗ್ಗುವುದನ್ನು ಬಿಟ್ಟ. ಅಕ್ಕೋರು ನನ್ನನ್ನು ದುರುಗುಟ್ಟಿ ನೋಡಿ, ಗೆಳತಿಯ ಕಾಪಿ ಮಗುಚಿದರು. ನಿಂತಲ್ಲೇ ತಿದ್ದಿದರು. ಅವಳಿಗೆ ನನಗಿಂತ ಎರಡು ಮಾರ್ಕು ಹೆಚ್ಚು ಬಂತು. ಖುಷಿಯಾಯಿತು, ಸ್ವಲ್ಪ ಉರಿಯಿತು ಕೂಡ.

"ಸಮಾಧಾನ ಆತಿಲ್ಲೋ? ಇನ್ನೇನು ಬೇಕು?" ಎಂದರು ಅಕ್ಕೋರು, ಕಾಪಿಗಳ ಕಪಾಟಿನ ಕದ ಹಾಕುತ್ತ.

"ಹೋದ ವರ್ಷದ ನನ್ನ ಕಾಪಿ ಅದರಾಗ ಇದ್ದರ ತಗೀರಿ," ಎಂದೆ. "ಅದನ್ನೂ ತಿರುವೋದು ಬಾಕಿ ಅದ."