ಅತ್ತೆಯ ಬಚ್ಚಲಿಗೊಂದು ಚಿಲಕ

ಸೊಂಟದ ಮೂಳೆ ಮುರಿದು ಆಪರೇಷನ್ ಮಾಡಿಸಿಕೊಂಡು ಅತ್ತೆ ಮನೆಗೆ ಬಂದಾಗ ಡಾಕ್ಟರು ಒತ್ತಿ ಒತ್ತಿ ಹೇಳಿದ್ದು ಒಂದೇ ಮಾತು: ನೀರು ಚೆನ್ನಾಗಿ ಕುಡಿಸಿ. ಅತ್ತೆ ಬಿಟ್ಟುಬಿಟ್ಟದ್ದೂ ಅದನ್ನೇ.

ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು. ಹೋಗಬೇಕಾದರೆ ನಾನು ಹಿಡಿದುಕೊಂಡು ಒಳಗೆ ನಿಲ್ಲಬೇಕು. ನಾನು ನಿಂತಿದ್ದರೆ ಅವರಿಗೆ ಆಗುವುದಿಲ್ಲ. ಹಾಗಾಗಿ ಮಾತ್ರೆ ನುಂಗಲು ಒಂದು ಗುಟುಕು, ಅಷ್ಟೇ. ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಲೋಟ ಹಿಡಿದು ಹೋದರೆ, "ಅಲ್ಲೇ ಇಡವಾ, ಆಮ್ಯಾಲ ಕುಡೀತೀನಿ" ಎನ್ನುವರು. ಆ ಆಮೇಲೆ ಬರುತ್ತಲೇ ಇರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಮೇಲೆ ಸಿಟ್ಟಿರಲಿಲ್ಲ ಎಂದರೆ ಸುಳ್ಳು, ಇತ್ತು. ಆದರೆ ಹೆಚ್ಚಿನ ಸಿಟ್ಟು ಆ ಬಚ್ಚಲಿನ ಮೇಲೆ.

ನಮ್ಮವರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ನೌಕರಿ. ವಿಜಾಪುರದ ಕಡೆಯಿಂದ ಹೈದರಾಬಾದಿಗೆ ಬಂದು, ಪಟಾನ್‌ಚೆರು ರಸ್ತೆಯಲ್ಲಿ ಒಂದು ಹಳೆಯ ಫ್ಲ್ಯಾಟು ಕೊಂಡು ಉಳಿದುಬಿಟ್ಟಿದ್ದೆವು. ಅದರ ಬಚ್ಚಲನ್ನು ಕಟ್ಟಿದ ಮಹಾರಾಯನಿಗೆ ಮನುಷ್ಯರು ಮುದುಕರಾಗುತ್ತಾರೆಂದು ಯಾರೂ ಹೇಳಿರಲಿಲ್ಲ. ಬಾಗಿಲು ದಾಟುತ್ತಲೇ ಎತ್ತರದ ಕಟ್ಟೆ, ಅದರ ಮೇಲೆ ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ, ಜಾರುವ ಟೈಲ್ಸು. ಹಿಡಿದುಕೊಳ್ಳಲು ನಲ್ಲಿ ಬಿಟ್ಟರೆ ಏನೂ ಇಲ್ಲ.

ಕಟ್ಟೆ ಒಡೆಸಿ, ಕುರ್ಚಿಯಂತೆ ಕೂರುವ ಕಮೋಡು ಇಡಿಸಿ, ಗೋಡೆಗೆ ಹಿಡಿಕೆ ಹಾಕಿಸಬೇಕು. ಎಷ್ಟರ ಕೆಲಸ ಅದು? ಆದರೆ ಆಗ ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಎದ್ದು ನಿಲ್ಲುತ್ತಿದ್ದ ಕಾಲ. ಗಾರೆ ಕೆಲಸ ಮಾಡುವ ಊರಿನ ಗೌಂಡಿಗಳೆಲ್ಲ ಅತ್ತ ಕಡೆ. ಕೂಲಿಯವರು ಬೆಳಿಗ್ಗೆ ನಿಲ್ಲುವ ಅಡ್ಡಾಕ್ಕೆ ಹೋಗಿ ಕೇಳಿದರೆ, "ಏಕ್ ಬಾತ್‌ರೂಮ್ ಕೂ ಕೌನ್ ಆತಾ ಅಮ್ಮಾ?" ಒಂದು ಬಚ್ಚಲಿಗೆ ಯಾರು ಬರುತ್ತಾರೆ, ಎಂದು ನಕ್ಕು ಟೆಂಪೋ ಹತ್ತಿಬಿಟ್ಟರು. ಒಬ್ಬ ಪುಣ್ಯಾತ್ಮ ಬಂದವನು ಕಟ್ಟೆಯ ಅಂಚು ಒಡೆದು, ರಾಡಿ ಮಾಡಿ, ಚಹಾ ಕುಡಿದು ಹೋದ. ಮತ್ತೆ ಮುಖ ತೋರಿಸಲಿಲ್ಲ. "ಅವನ ಬಾಯಾಗ ಮಣ್ಣ ಹಾಕ" ಎಂದು ನಾನು ಬೈದದ್ದು ಮೇಲಿನ ಮನೆಯವರಿಗೂ ಕೇಳಿಸಿತಂತೆ.

ಹಿಡಿಕೆಗೆಂದು ಬೇಗಂ ಬಜಾರ್‌ಗೆ ಹೋದೆ. ಶೇಟ್‌ಜಿ ಟವೆಲ್ ಹಾಕುವ ರಾಡು ತೋರಿಸುತ್ತಾನೆ. ಟವೆಲ್ಲಿಗಲ್ಲಪ್ಪ, ಇದನ್ನು ಹಿಡಿದು ನಮ್ಮ ಅತ್ತೆ ಜೋತು ಬೀಳುತ್ತಾರೆ, ಗಟ್ಟಿ ಇರಬೇಕು ಎಂದು ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಅವನು ಗಾಬರಿಯಾಗಿ, "ಸಾಸ್ ಕೂ ಲಟ್ಕಾನಾ ಹೈ ಕ್ಯಾ?" ಎಂದ. ಅತ್ತೆಯನ್ನು ನೇತುಹಾಕುವ ಸೊಸೆ ಎಂದು ಅಂಗಡಿಯವರೆಲ್ಲ ನನ್ನನ್ನೇ ನೋಡಿದರು. ಕೊನೆಗೆ ಒಳಗಿನಿಂದ ದಪ್ಪನೆಯ ಸ್ಟೀಲಿನ ರಾಡು ಬಂತು. ಮನೆಗೆ ಬಂದು ಹೇಳಿದಾಗ ಅತ್ತೆ ಬಹಳ ದಿನಗಳ ಮೇಲೆ ನಕ್ಕರು.

ನಮ್ಮ ವಾಚ್‌ಮನ್ ಒಂದು ಭಾನುವಾರ ಗೌಂಡಿಯೊಬ್ಬನನ್ನು ಹಿಡಿದು ತಂದ. ಮೀಸೆ ನರೆತಿತ್ತು, ಗಚ್ಚಿಬೌಲಿಯ ಸೈಟಿನಲ್ಲಿ ಕೆಲಸ, ಅಂದು ರಜೆ. ಮನೆಯ ಹೊರಗಿನವರು ಎಂದರೆ ನಮ್ಮ ನಾಲಿಗೆ ತಾನಾಗಿಯೇ ತೆಲುಗು, ಹಿಂದಿಗೆ ಹೊರಳಿಬಿಡುತ್ತದೆ. ನಾನು ಕಲಸುಮೇಲೋಗರ ತೆಲುಗಿನಲ್ಲಿ ಹೇಳಿದೆ, ಅವನು ಅದಕ್ಕಿಂತ ಕೆಟ್ಟ ತೆಲುಗಿನಲ್ಲಿ ಉತ್ತರ ಕೊಟ್ಟ. ಕಮೋಡು ಕೂರಿಸಿದ ಮೇಲೆ ರಾಡಿನ ಎತ್ತರ ಅಳೆಯಲು ಅತ್ತೆಯನ್ನು ಕರೆಯಿರಿ ಎಂದ.

"ಅಯ್ಯ, ನಿನ್ನ! ನಾ ಹೆಂಗ ಕೂಡ್ತೀನಂತ ಗಂಡಸರ ಮುಂದ ತೋರಿಸ್ಲೇನು?" ಎಂದು ಅತ್ತೆ ಅವನಿಗೆ ಕೇಳದಂತೆ ಪಿಸುಗುಟ್ಟಿ ಸೆರಗು ಎಳೆದುಕೊಂಡರು. "ನೀನ ಕುಂದ್ರು ಹೋಗು."

ಸರಿ, ನಾನೇ ಹೋಗಿ ಕುಳಿತು ಕೈ ಚಾಚಿದೆ. ಅವನು ಬೇರೆ ಕಡೆ ಮುಖ ತಿರುಗಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿದ. ನಾನು ಅತ್ತೆಗಿಂತ ಗೇಣುದ್ದ ಎತ್ತರ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಸಿಮೆಂಟು ಒಣಗಿದ ಮೇಲೆ ಅತ್ತೆಯನ್ನು ಕೂರಿಸಿದರೆ ರಾಡು ಅವರ ಕಿವಿಯ ಹತ್ತಿರ. "ಇದೇನು ಅರಿವಿ ಒಣಗಸೂ ಗಳಾನ?" ಎಂದವರು ಹಾಸಿಗೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅಂದು ಒಂದು ಹನಿಯೂ ಮುಟ್ಟಲಿಲ್ಲ. ನನಗೆ ಭಯವಾಯಿತು. ಈ ಹಟದಲ್ಲೇ ಇವರು ಹೋಗಿಬಿಡುತ್ತಾರೆ ಅನ್ನಿಸಿತು.

ಮುಂದಿನ ಭಾನುವಾರ ಗೌಂಡಿಯನ್ನು ಕರೆಸಿ ಬಾಯಿಗೆ ಬಂದಂತೆ ಬೈದೆ. ಒಳಗಿನಿಂದ ಅತ್ತೆಯ ದನಿ ಬಂತು: "ಅಳತಿ ಕೊಟ್ಟಾಕಿ ನೀನು, ಅಂವಗ್ಯಾಕ ಬೈತಿ? ಅಂವರೆ ಚಾ ಕುಡ್ಯಾಕ ಬಂದಾನೋ, ಕೆಲಸಾ ಮಾಡಾಕ ಬಂದಾನೋ!"

"ಎರಡಕ್ಕೂ ಬಂದೀನ್ರೀ ಯವ್ವಾ" ಎಂದ ಗೌಂಡಿ, ಅಚ್ಚ ನಮ್ಮ ಕಡೆಯ ಮಾತಿನಲ್ಲಿ.

ಅತ್ತೆ ಎದ್ದು ಕುಳಿತರು. "ಯಾವೂರೋ ತಮ್ಮಾ?"

"ಸುರಪುರದ ಕಡೀರಿ."

ಮುಗಿಯಿತಲ್ಲ! ಮಳೆ ಹೇಗೆ, ಜೋಳ ಹೇಗೆ, ತಾಯಿ ಇದ್ದಾಳೋ ಇಲ್ಲವೋ, ಎಲ್ಲ ವಿಚಾರಣೆ ಆಯಿತು. ಆಮೇಲೆ ವಾಕರ್ ಹಿಡಿದು ಬಚ್ಚಲಿಗೆ ನಡೆದರು, ಸೀರೆ ಸರಿಮಾಡಿಕೊಂಡು ಕುಳಿತರು, ಗೋಡೆಗೆ ಅಂಗೈ ಬಡಿದು ತೋರಿಸಿದರು. "ಇಲ್ಲಿ ನೋಡು. ಇದರ ಮ್ಯಾಲ ಬೊಟ್ಟ ಸೈತ ಏರಬಾರದು."

"ನಾಚಿಕಿ ಎಲ್ಲಿ ಹೋತ್ರೀ ಅತ್ತಿ?" ಎಂದೆ.

"ನಮ್ಮ ಕಡೀ ಹುಡುಗ ಅದಾನ, ಮಗಾ ಇದ್ದಂಗ" ಎಂದರು. ನರೆತ ಮೀಸೆಯ ಆ ಹುಡುಗ ನಗುತ್ತ ಗುರುತು ಹಾಕಿದ.

ರಾಡು ಕೂತಿತು. ಬಾಗಿಲ ಒಳಗಿನ ಚಿಲಕ ತೆಗೆದುಬಿಡು ಎಂದು ನಾನು ಹೇಳಿದ್ದೇ ತಡ, ಅತ್ತೆ ಕೆರಳಿದರು. "ಚಿಲಕ ಇಲ್ಲದ ಬಚ್ಚಲಾ? ಅದೇನು ಬಸ್‌ಸ್ಟ್ಯಾಂಡೇನು?"

"ಒಳಗ ಬಿದ್ರ ಏನ್ ಮಾಡಬೇಕ್ರೀ ನಾನು?"

"ಬಾಗಲಾ ಹಾಕ್ಕೊಳ್ಳಾಕ ಆಗದಿದ್ರ ನಾ ನೀರ ಕುಡ್ಯಾಂಗಿಲ್ಲ, ತಿಳೀತಾ?"

ಸ್ಕ್ರೂಡ್ರೈವರ್ ಹಿಡಿದ ಗೌಂಡಿ ಅವರ ಮುಖ, ನನ್ನ ಮುಖ ನೋಡುತ್ತ ನಿಂತ. ನಾನು ಜಗ್ಗಲಿಲ್ಲ. ಅತ್ತೆಯೂ ಜಗ್ಗಲಿಲ್ಲ. ಕೊನೆಗೆ ಅವರೇ ದನಿ ತಗ್ಗಿಸಿ, "ನಾ ಒಳಗ ಮಾತಾಡಕೋಂತ ಇರ್ತೀನವಾ. ಮಾತು ನಿಂತ್ರ ಬಾಗಲಾ ಮುರಿ" ಎಂದರು. ಆ ದನಿಯ ಮುಂದೆ ನಾನು ಸೋತೆ. ಚಿಲಕ ಅವರ ಕೈಗೆ ಎಟಕುವಂತೆ ಕೆಳಗೆ ಬಂತು.

ಅಂದಿನಿಂದ ಅತ್ತೆ ನೀರು ಕುಡಿಯುವುದೇನು, ಬಚ್ಚಲಿಗೆ ಹೋಗುವುದೇನು, ಮಾತೇನು! ಊರಲ್ಲಿ ತಮ್ಮ ಓಣಿಯ ತುದಿಯ ಮನೆಯಿಂದ ಶುರುಮಾಡುವರು. ಯಾರ ಮಗಳನ್ನು ಯಾರಿಗೆ ಕೊಟ್ಟರು, ಯಾವ ಸೊಸೆ ಅತ್ತೆಗೆ ಅನ್ನ ಹಾಕಲಿಲ್ಲ, ಯಾರ ಮನೆಯ ಎಮ್ಮೆ ಯಾರ ಹಿತ್ತಲು ಮೇಯಿತು. ದಿನಕ್ಕೊಂದು ಮನೆ. ನಾನು ಅಡುಗೆಮನೆಯಲ್ಲಿ ಅರ್ಧ ಕಿವಿ ಅತ್ತ ಇಟ್ಟು ಕೆಲಸ ಮಾಡುತ್ತಿದ್ದೆ. ಬೇಸರವೂ ಆಗುತ್ತಿತ್ತು, ಹೇಳಬೇಕಲ್ಲ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಯಾವುದೋ ಜಗಳದ ನಡುವೆ ದನಿ ನಿಂತಿತು. ಕಾದೆ. ಇಲ್ಲ. ಹಿಟ್ಟಿನ ಕೈಯಲ್ಲೇ ಓಡಿ ಬಾಗಿಲು ಬಡಿದೆ. "ಅತ್ತೀ! ಅತ್ತೀ!" ಸದ್ದಿಲ್ಲ. ಅತ್ತೆಯಿಲ್ಲದ ಈ ಮನೆಯಲ್ಲಿ ನಾನು ಯಾರೊಡನೆ ಜಗಳವಾಡಲಿ? ಬಾಗಿಲಿಗೆ ಹೆಗಲು ಕೊಟ್ಟೆ.

"ಯಾಕ ಬಡೀತಿ?" ಒಳಗಿನಿಂದ ತಣ್ಣನೆಯ ದನಿ. "ಕೇಳಾಕತ್ತೀಯೋ ಇಲ್ಲೋ ಅಂತ ನೋಡಿದೆ."

ಬೈಯಬೇಕೆಂದು ಬಾಯಿ ತೆರೆದವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತೆ.

"ಕೇಳಾಕತ್ತೀನ್ರೀ ಅತ್ತಿ" ಎಂದೆ.