ದೋಣಿಮನೆಯ ರೊಟ್ಟಿ ಸಪ್ಪಳ

ಸೂಪಾ ಹಿನ್ನೀರಿನ ಮೇಲೆ ಮಂಜು ಇನ್ನೂ ಕರಗಿಲ್ಲ. ದಂಡೆಗೆ ಕಟ್ಟಿದ ಐಷಾರಾಮಿ ದೋಣಿಮನೆಯಲ್ಲಿ ರಾತ್ರಿ ತಂಗಿದ ಪ್ರವಾಸಿಗರು ಮೆತ್ತನೆಯ ಹಾಸಿಗೆಯಲ್ಲಿ ಗಡದ್ದಾಗಿ ಮಲಗಿದ್ದಾರೆ. ಹಿಂಬದಿಯ ಪುಟ್ಟ ಅಡುಗೆಮನೆಯಲ್ಲಿ ಮಾಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿಯಲು ಕೂರುತ್ತಾರೆ. ಪಟ್, ಪಟ್, ಪಟ್. ಸಪ್ಪಳ ನೀರು ದಾಟಿ ಆಚೆ ಕಾಡಿಗೂ ಕೇಳುತ್ತದೆ. ಕೇಳಲಿ ಬಿಡಿ. ಈ ಸಪ್ಪಳಕ್ಕಾಗಿ ನೌಕರಿಯನ್ನೇ ಪಣಕ್ಕಿಟ್ಟ ಹೆಣ್ಣುಮಗಳು ಇವರು.

ಮೂಲ ಧಾರವಾಡ ಸೀಮೆ. ಗಂಡ ಶಂಕ್ರಪ್ಪ ದಾಂಡೇಲಿಯ ಕಾಗದ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಸೇರಿದಾಗ ಜೊತೆಗೆ ಬಂದವರು. ಗಂಡನ ಬೆನ್ನು ಕೈಕೊಟ್ಟು ಮನೆ ಹಿಡಿದ ಮೇಲೆ ಸಂಸಾರ ನಿಂತಿರುವುದು ಇವರ ಎರಡು ಅಂಗೈಗಳ ಮೇಲೆ. ದಿನಕ್ಕೆ ಐವತ್ತರ ಆಸುಪಾಸು ರೊಟ್ಟಿ. ಅಂಗೈಯ ಅಂಚು ದಡ್ಡುಗಟ್ಟಿದೆ.

ಕಳೆದ ವರ್ಷ ಯಾರೋ ಪ್ರವಾಸಿಗರು ನಿದ್ದೆ ಕೆಟ್ಟಿತೆಂದು ತಕರಾರು ತೆಗೆದರು. ಮ್ಯಾನೇಜರ್ ಪುಂಡಲೀಕ ಉಪಾಯ ಹುಡುಕಿದರು. "ನಾಳಿಂದ ಹಳಿಯಾಳದ ಮಷಿನ್ ರೊಟ್ಟಿ ತರಸ್ತೇವಿ. ನೀವು ಹೊತ್ತೇರಿದ ಮ್ಯಾಲ ಇಳಕಲ್ ಸೀರಿ ಉಟ್ಕೊಂಡು ಫೋಟೋಕ್ಕ ನಾಕ ರೊಟ್ಟಿ ಬಡೀರಿ, ಸಾಕು. ಪಗಾರ ಅಷ್ಟ ಇರತೈತಿ." ಊಟದ ಪಟ್ಟಿಯಲ್ಲಿ ಮಾತ್ರ 'ಮಾಲವ್ವನ ಕೈರೊಟ್ಟಿ' ಹಾಗೇ ಇರಬೇಕಂತೆ! ಕೆಲಸ ಕಡಿಮೆ, ಸಂಬಳ ಅಷ್ಟೇ. ಬೇರೆ ಯಾರಾದರೂ ಹೂಂ ಅಂದುಬಿಡುತ್ತಿದ್ದರು.

"ನಾ ಬಡೀಲಾರದ ರೊಟ್ಟಿಗೆ ನನ್ನ ಹೆಸರು ಹಚ್ಚಬ್ಯಾಡ್ರಿ ಅಂದೆ. ನಾಟಕಾ ಮಾಡಾಕ ಬಂದಾಕಿ ಅಲ್ಲ ನಾ," ಎನ್ನುತ್ತಾರೆ ಮಾಲವ್ವ. "ಹಂಗಾರ ನಾಳಿ ದೋಣಿ ಹತ್ತಬ್ಯಾಡ್ರಿ ಅಂದ್ರು. ಹತ್ತಲಿಲ್ಲ."

ಹತ್ತಲಿಲ್ಲ ನಿಜ, ಆದರೆ ಮನೆಯಲ್ಲೂ ಕೂರಲಿಲ್ಲ. ಮರುದಿನ ನಸುಕಿನಲ್ಲಿ ದೋಣಿಯ ಎದುರಿಗೇ ದಂಡೆಯ ಮೇಲೆ ಮೂರು ಕಲ್ಲು ಹೂಡಿ, ಸ್ವಂತ ಹಿಟ್ಟು ತಂದು, ಕೆಲಸದವರ ನಾಷ್ಟಾಕ್ಕೆಂದು ಬಡಿಯತೊಡಗಿದರು. ಬಯಲಿನಲ್ಲಿ ಸಪ್ಪಳ ಇನ್ನೂ ಜೋರು. ಹುಬ್ಬಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬರು ಶಾಲು ಹೊದ್ದು ದೋಣಿಯಿಂದ ಇಳಿದು, ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಉಬ್ಬಿದ್ದ ಒಂದ ಕೊಡವ್ವಾ" ಎಂದರು. ಅವರ ಹಿಂದೆ ಉಳಿದವರೂ ತಾಟು ಹಿಡಿದು ಬಂದರು. ಒಳಗೆ ಮಷಿನ್ ರೊಟ್ಟಿ ಸೆಟೆದುಕೊಂಡು ಬಿದ್ದಿದ್ದವು.

ಪುಂಡಲೀಕರ ಮನಸ್ಸು ತಿರುಗಿ, ಮಷಿನ್ ರೊಟ್ಟಿ ನಿಲ್ಲಿಸಿ ಇವರನ್ನು ಮತ್ತೆ ಒಳಗೆ ಕರೆಯಲು ವಾರ ಹಿಡಿಯಿತು. ಅಷ್ಟೂ ದಿನ ಮಾಲವ್ವ ದಂಡೆ ಬಿಡಲಿಲ್ಲ. ಈಗ ಪುಂಡಲೀಕರು ಸಂಜೆಯೇ ಪ್ರವಾಸಿಗರಿಗೆ ಹೇಳಿಬಿಡುತ್ತಾರೆ: ಬೆಳಿಗ್ಗೆ ರೊಟ್ಟಿ ಬಡಿಯುತ್ತೇವೆ, ನಿದ್ದೆ ಬೇಕಾದವರು ಮುಂದಿನ ಕೋಣೆ ತಗೊಳ್ಳಿ. "ಫೋಟೋ ಬೇಕಾದವರು ಎದ್ದ ಬಂದು ತಗೀಲಿ," ಎಂದು ಮಾಲವ್ವ ತವೆಯ ಮೇಲೆ ರೊಟ್ಟಿ ಹೊರಳಿಸುತ್ತಾರೆ.

ದೋಣಿಯ ಹಾಸಿಗೆಗಳಿಗೆ ಚಾದರ ಹಾಸುವವರೂ ಇವರೇ. ಅದರ ಮೇಲೆ ಒಮ್ಮೆಯೂ ಮೈ ಚಾಚಿಲ್ಲ. ಕೆಲಸದವರಿಗೆ ದಂಡೆಯ ತಗಡಿನ ಶೆಡ್ಡು. ಆಸೆ ಇಲ್ಲವೇ ಎಂದರೆ ಹಿಟ್ಟಿನ ಕೈ ಕೊಡವುತ್ತಾರೆ.

"ಐತ್ರಿ. ಪುಕ್ಕಟ ಅಲ್ಲ, ರೊಕ್ಕಾ ಕೊಟ್ಟ, ನಮ್ಮ ಯಜಮಾನ್ರನ್ನ ಕರಕೊಂಡು ಒಂದ ರಾತ್ರಿ ಇದರಾಗ ಮಲಗಬೇಕು. ಹಿಂದಿನ ಖೋಲಿನೇ ಬೇಕು ನನಗ. ಮುಂಜಾನಿ ಬ್ಯಾರೆ ಯಾರರ ರೊಟ್ಟಿ ಬಡೀಲಿ. ನಾ ಮಗ್ಗಲಾ ಹೊಳ್ಳಿ ಕೇಳಕೋತ ಮಲಗತೇನಿ."