ನಾಲ್ಕು ಬೆರಳಿನ ಗುಳಿ

ನಾನು ನಿಂತಿದ್ದುದು ಕಿರಸ್ತಾನರ ಮರಿಯಮ್ಮನ ಗುಡಿಯ ಒಳಗೆ, ಬಾಗಿಲಿನಿಂದ ಮೂರು ಹೆಜ್ಜೆ ಮುಂದೆ, ಎಡಗಡೆಯ ಗೋಡೆಗೆ ಬೆನ್ನು ತಾಗುವಷ್ಟು ಹತ್ತಿರ. ಎದುರಿಗೆ ಬಲಿಪೀಠ. ಅದಕ್ಕೂ ನನಗೂ ನಡುವೆ ಎಂಟು ಅಡಿ ಇದ್ದೀತು. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ಚಳಿಗಾಲ, ಶಾಲೆಗೆ ಕ್ರಿಸ್‌ಮಸ್ ರಜೆ. ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅಂದು ಕಲ್ಲುಕುಟಿಗ ಮೇಸ್ತ್ರಿ ಇಂಗ್ಲಿಷ್ ದೊರೆಯ ಕಾಲಿಗೆ ಬಿದ್ದು ಪೀಠದ ಕಲ್ಲು ಉಳಿಸಿಕೊಂಡರು ಎಂದು ಹೊಸಪೇಟೆಯಲ್ಲಿ ಈಗಲೂ ಹೇಳುವವರಿದ್ದಾರೆ. ಹಾಗೆ ಹೇಳುವವರು ಯಾರೂ ಅಲ್ಲಿರಲಿಲ್ಲ. ನಾನಿದ್ದೆ. ಮೇಸ್ತ್ರಿ ಬೀಳಲಿಲ್ಲ.

ಇದೆಲ್ಲ ಮತ್ತೆ ಎದ್ದು ಬಂದದ್ದು ಒಂದು ವಾಸನೆಯಿಂದ. ಹೋದ ವಾರ ಮಲಪನಗುಡಿಯ ಕಡೆ ನಡೆದು ಹೋಗಿದ್ದೆ. ರಸ್ತೆ ಅಗಲ ಮಾಡಲು ಅಲ್ಲಿಯ ಹಳೆಯ ಮೋರಿಯನ್ನು ಒಡೆಯುತ್ತಿದ್ದರು. ಸುತ್ತಿಗೆ ಬಿದ್ದ ಕಲ್ಲಿನಿಂದ ಒಂದು ಸುಟ್ಟ ವಾಸನೆ ಬರುತ್ತದೆ, ಬೆಂಕಿಕಡ್ಡಿ ಗೀರಿ ಆರಿಸಿದ ಹಾಗೆ. ಎಷ್ಟೋ ವರ್ಷಗಳ ಮೇಲೆ ಆ ವಾಸನೆ ಮೂಗಿಗೆ ಬಡಿಯಿತು. ಕೋಲು ಊರಿ ಬಗ್ಗಿ ನೋಡಿದೆ. ರಾಶಿಯಲ್ಲಿದ್ದ ಒಂದು ಉದ್ದನೆಯ ಕಲ್ಲಿನ ಅಂಚಿಗೆ ಸಾಲಾಗಿ ಚೌಕ ಗುಳಿಗಳಿದ್ದವು. ಒಂದರೊಳಗೆ ಬೆರಳಿಟ್ಟೆ. ನಾಲ್ಕು ಬೆರಳು ಹಿಡಿಸಿದವು...

ಗುಳಿಯಲ್ಲಿ ಬೆರಳಿಟ್ಟು ನೋಡುವುದನ್ನು ನನಗೆ ಕಲಿಸಿದವರು ಮೇಸ್ತ್ರಿ. ಅವರದು ಗಾದಿಗನೂರಿನ ಆಚೆ ಇದ್ದ ಕಲ್ಲುಕುಟಿಗರ ಕೇರಿ. ರೈಲುದಾರಿ ಹಾಕುವ ಕೆಲಸಕ್ಕೆ ಬಂದು, ಅಲ್ಲಿಯೇ ಕಿರಸ್ತಾನರಾಗಿ, ಅಲ್ಲಿಯೇ ಉಳಿದ ಏಳೆಂಟು ಮನೆಗಳು. ಮೇಸ್ತ್ರಿ ನಲವತ್ತು ದಾಟುವ ಹೊತ್ತಿಗೆ ಕಲ್ಲಿನ ಪುಡಿ ಅವರ ಎದೆಗೆ ಇಳಿದು ದಮ್ಮು ಹತ್ತಿತ್ತು. ಸುತ್ತಿಗೆ ಕೆಳಗಿಟ್ಟು ಹಂಪಿಯಲ್ಲಿ ಜನರಿಗೆ ದಾರಿ ತೋರಿಸುವ ಕೆಲಸ ಹಿಡಿದಿದ್ದರು. ಅದಕ್ಕೆ ಸರ್ಕಾರದ ಅಪ್ಪಣೆ ಬೇಕಿತ್ತು. ಅಪ್ಪಣೆ ಇದ್ದವರಿಗೆ ಅಂಗಿಗೆ ಚುಚ್ಚಿಕೊಳ್ಳುವ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು. ಮೇಸ್ತ್ರಿಯ ಉಸಿರು ನಡೆಯುತ್ತಿದ್ದುದು ಆ ಬಿಲ್ಲೆಯ ಮೇಲೆ ಎಂದರೆ ತಪ್ಪಲ್ಲ.

ಆ ದಿನ ಹಂಪಿ ನೋಡಲು ಬಂದವರು ಹಳೆಯ ಕಟ್ಟಡಗಳ ಉಸ್ತುವಾರಿಗೆಂದು ಮದರಾಸಿನಿಂದ ಹೊಸದಾಗಿ ನೇಮಕವಾದ ಒಬ್ಬ ದೊರೆ ಮತ್ತು ಅವರ ಹೆಂಡತಿ. ದೊರೆಸಾನಿ ಕಥೋಲಿಕರು. ಗಾದಿಗನೂರಿನ ದಾರಿಯಲ್ಲಿ ಮರಿಯಮ್ಮನ ಗುಡಿಯಿದೆ ಎಂದು ಯಾರೋ ಹೇಳಿದ್ದರಂತೆ. ಬೆಳಿಗ್ಗೆ ಹಂಪಿ, ಮಧ್ಯಾಹ್ನ ಆ ಗುಡಿ, ಅಲ್ಲಿ ತೀರಿಕೊಂಡ ತಾಯಿಯ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಬೇಕು ಎಂಬುದು ಅವರ ಆಸೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಮಾತು ದಾಟಿಸಲು ಹೆಡ್‌ಮಾಸ್ತರರು ನನ್ನನ್ನು ಕಳಿಸಿದ್ದರು. ನನಗೆ ಇಪ್ಪತ್ನಾಲ್ಕು ವರ್ಷ, ಮಾಸ್ತರಿಕೆಯ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ದೊರೆ ಹೇಳಿದ್ದನ್ನು ಬರೆದುಕೊಳ್ಳಲು ಕೈಗೊಂದು ನೋಟುಬುಕ್ಕನ್ನೂ ಕೊಟ್ಟಿದ್ದರು.

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಅರಮನೆಯ ಕಟ್ಟೆಯ ಹತ್ತಿರ ದೊರೆಸಾನಿ, ರಾಜ ಮಲಗುತ್ತಿದ್ದುದು ಎಲ್ಲಿ ಎಂದು ಕೇಳಿದರು. ಮೇಸ್ತ್ರಿ ಗಡ್ಡ ಕೆರೆದುಕೊಂಡು ನನಗೆ ಹೇಳಿದರು: "ಬಂದವರೆಲ್ಲ ಇದನ್ನ ಕೇಳ್ತಾರ್ರಿ ಮಾಸ್ತರ್ರೇ. ಈ ಕಲ್ಲು ಹೊತ್ತವ್ರು ಎಲ್ಲಿ ಮಲಗ್ತಿದ್ರು ಅಂತ ಒಬ್ರಿಂದಾದ್ರೂ ಕೇಳಿಸ್ರಿ ನೋಡೋಣ. ಅದು ನನಗ ಗೊತ್ತೈತಿ."

ನಾನು ಅದನ್ನು ಹಾಗೆಯೇ ದಾಟಿಸಿದೆ. ದೊರೆ ನಕ್ಕು, ಹಾಗಾದರೆ ಅದನ್ನೇ ತೋರಿಸು ಎಂದರು. ಮೇಸ್ತ್ರಿ ಅವರನ್ನು ನದಿಯ ಕಡೆಯ ಬಂಡೆಗಳಿಗೆ ಕರೆದುಕೊಂಡು ಹೋಗಿ, ಕಲ್ಲು ಹೊತ್ತವರು ಮಲಗುತ್ತಿದ್ದುದು ಇವುಗಳ ಸಂದಿಯಲ್ಲೇ ಎಂದರು. ಅರ್ಧ ಸೀಳಿ ಬಿಟ್ಟ ಬಂಡೆಯೊಂದರ ಮೇಲೆ ದಾರ ಹಿಡಿದಷ್ಟು ನೇರವಾಗಿ ಗುಳಿಗಳ ಸಾಲಿತ್ತು. ಆ ಗುಳಿಗಳಿಗೆ ಒಣ ಕಟ್ಟಿಗೆಯ ಬೆಣೆ ಬಡಿದು ನೀರು ಹನಿಸುತ್ತಿದ್ದರು, ಕಟ್ಟಿಗೆ ಉಬ್ಬಿ ಬೆಳಗಾಗುವುದರೊಳಗೆ ಬಂಡೆ ಬಿರಿಯುತ್ತಿತ್ತು ಎಂದು ವಿವರಿಸಿದರು. ಈಗಿನವರು ಕಬ್ಬಿಣದ ಬೆಣೆ ಬಡಿಯುತ್ತಾರೆ, ಅದರ ಗುಳಿ ಸಣ್ಣದು, ಎರಡು ಬೆರಳು ಹೋದರೆ ಹೆಚ್ಚು. ಆ ಕಾಲದ ಗುಳಿಗೆ ನಾಲ್ಕು ಬೆರಳು ಹೋಗಲೇಬೇಕು ಎಂದರು. ದೊರೆಯ ಕೈ ಹಿಡಿದು ಗುಳಿಯೊಳಗೆ ಇಡಿಸಿದರು. ಒಬ್ಬ ಕಲ್ಲುಕುಟಿಗ ಒಬ್ಬ ದೊರೆಯ ಕೈ ಹಿಡಿದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ದೊರೆಗೆ ಸಂತೋಷವಾಯಿತು. ಆಮೇಲೆ ದಾರಿಯುದ್ದಕ್ಕೂ ಕಂಡ ಕಂಡ ಕಲ್ಲಿಗೆ ಬೆರಳಿಟ್ಟು ನೋಡುತ್ತಿದ್ದರು. ಎರಡು ಸಲ ತಪ್ಪಿದರು, ಮೂರನೆಯ ಸಲದಿಂದ ತಪ್ಪಲಿಲ್ಲ. ಮೇಸ್ತ್ರಿಗೂ ಹೆಮ್ಮೆಯೇ. ದೊರೆ ಜಾಣ ಅದಾನ್ರಿ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆ ಪಾಠ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಆಗ ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೋಟಾರಿನಲ್ಲಿ ಹೊಸಪೇಟೆ ದಾಟಿ ಗಾದಿಗನೂರಿನ ಕಡೆ ಹೋದೆವು. ಗುಡಿ ಎಂದರೆ ಒಂದೇ ಕೋಣೆ. ಸುಣ್ಣ ಬಳಿದ ಗೋಡೆ, ಹಂಚಿನ ಮಾಡು, ಗೂಡಿನಲ್ಲಿ ನೀಲಿ ಸೆರಗಿನ ಮರಿಯಮ್ಮ, ಅವಳ ಮುಂದೆ ಬಿಳಿ ಬಟ್ಟೆ ಹೊದಿಸಿದ ಪೀಠ. ಬಾಗಿಲು ತೆಗೆದವಳು ಮೇಸ್ತ್ರಿಯ ಮಗಳು. ಹದಿನೆಂಟು ಹತ್ತೊಂಬತ್ತರ ಹುಡುಗಿ, ಗುಡಿಯ ಕಸ ನೀರು ನೋಡಿಕೊಳ್ಳುತ್ತಿದ್ದಳು. ದೊರೆಸಾನಿ ಮೇಣದಬತ್ತಿ ಹಚ್ಚಿ ಮೊಣಕಾಲೂರಿದರು. ದೊರೆಗೆ ಮಾಡಲು ಕೆಲಸವಿರಲಿಲ್ಲ. ಪೀಠದ ಪಕ್ಕದಲ್ಲಿ ನಿಂತು ಅದರ ಅಂಚಿನ ಮೇಲೆ ಕೈಯಿಟ್ಟಿದ್ದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಬಟ್ಟೆಯ ಮೇಲಿನಿಂದಲೇ ಅದು ಅಂಚಿನುದ್ದಕ್ಕೂ ಸರಿಯಿತು, ಒಂದು ಕಡೆ ನಿಂತಿತು. ನಾಲ್ಕು ಬೆರಳು ಒಳಕ್ಕೆ ಇಳಿದವು.

ಅವರು ಬಟ್ಟೆ ಎತ್ತಿದರು.

"ಅಪ್ಪಾ, ಆ ಬಟ್ಟಿ ಪಾದ್ರಿಗಳು ಬಿಟ್ರ ಯಾರೂ ಎತ್ತಂಗಿಲ್ಲ. ಹೇಳು ಅವರಿಗೆ," ಎಂದಳು ಹುಡುಗಿ.

ಮೇಸ್ತ್ರಿಯ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ದೊರೆಯ ಮುಖದಲ್ಲಿ ಮೊದಲು ಬಂದದ್ದು ಸಂತೋಷವೇ, ಅದನ್ನು ನಾನು ಮುಚ್ಚಿಡಬಾರದು. ಲೆಕ್ಕ ಬಿಡಿಸಿದ ವಿದ್ಯಾರ್ಥಿಯ ಹಾಗೆ ನಾಲ್ಕು ಬೆರಳು ಎತ್ತಿ ಮೇಸ್ತ್ರಿಗೆ ತೋರಿಸಿದರು. ಆಮೇಲೆ ಕೈ ಇಳಿಯಿತು, ಅಧಿಕಾರಿಯ ಮುಖ ಮರಳಿತು. ಹಾಳು ಹಂಪಿಯ ಒಂದು ಕಲ್ಲನ್ನೂ ಯಾರೂ ಒಯ್ಯಬಾರದೆಂದು ಕಾನೂನಿದೆ, ಇದನ್ನು ಕಿತ್ತು ವಾಪಸ್ಸು ಸಾಗಿಸಬೇಕು, ಬರೆದುಕೊ ಎಂದು ನನಗೆ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಮೇಸ್ತ್ರಿ ಒಂದು ಸಲ ಕೆಮ್ಮಿದರು. ಆ ಕೆಮ್ಮು ಮುಗಿಯುವವರೆಗೂ ನಾವೆಲ್ಲ ಕಾದೆವು.

"ಹೌದ್ರಿ, ಅಲ್ಲಿ ಕಲ್ಲೇ ಇದು," ಎಂದರು. "ರಸ್ತಾಕ್ಕ ಜಲ್ಲಿ ಮಾಡು ಅಂತ ಸರ್ಕಾರದವ್ರೇ ನಮ್ಮಪ್ಪನ ಮುಂದ ರಾಶಿ ಸುರುವಿದ್ರು. ಸುತ್ತಿಗಿ ಎತ್ತಿದ, ಗುಳಿ ಕಂಡ, ಇಳಿಸಿದ. ಇನ್ನೊಬ್ಬ ಕೆಲಸದವ ಮೈಮುರಿದು ತೆಗೆದ ಕಲ್ಲು, ನಾನು ಹ್ಯಾಂಗ ಪುಡಿ ಮಾಡಲಿ ಅಂದ. ಇದರ ಬದಲಿ ಗುಡ್ಡದಾಗ ಇಷ್ಟೇ ದೊಡ್ಡ ಬಂಡೆಗಲ್ಲು ಒಡೆದು ಜಲ್ಲಿ ಕೊಟ್ಟು, ಇದನ್ನ ಇಲ್ಲಿ ತಂದಿಟ್ಟ. ಕದ್ದು ತಂದದ್ದಲ್ರಿ."

ನಾನು ದಾಟಿಸಿದೆ. ಕಥೆ ಏನೇ ಇರಲಿ, ಕಾನೂನು ಕಾನೂನು ಎಂದರು ದೊರೆ.

ಆಗ ಮೇಸ್ತ್ರಿ ದೊರೆಯನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಬರಕೊಳ್ರಿ ಮಾಸ್ತರ್ರೇ. ಆದ್ರ ಹಂಪಿ ಕಲ್ಲು ಎಲ್ಲೆಲ್ಲಿ ಹೋಗ್ಯಾವ, ಮೊದಲಿಂದ ಬರಕೊಳ್ರಿ. ಒಂದು, ಮಲಪನಗುಡಿ ಮೋರಿ. ಈಗ ಮೋಟಾರು ಬಂದದ್ದು ಅದರ ಮ್ಯಾಲೇ."

ಬೆಳಿಗ್ಗೆ ದಾರಿ ತೋರಿಸಿದ ಅದೇ ಧ್ವನಿಯಲ್ಲಿ ಅವರು ಒಂದೊಂದಾಗಿ ಬರೆಸಿದರು. ಕಾಲುವೆಯ ತೂಬು, ಚಾವಡಿಯ ಮೆಟ್ಟಿಲು, ಸಾಹೇಬರೊಬ್ಬರ ಕುದುರೆ ಲಾಯದ ಕಂಬಗಳು, ಕಂಪ್ಲಿ ದಾರಿಯ ಎರಡು ಸೇತುವೆ. ಯಾವುದರಲ್ಲಿ ಎಷ್ಟು ಕಲ್ಲು, ಗುಳಿ ಯಾವ ಕಡೆ ಮುಖ ಮಾಡಿದೆ, ಎಲ್ಲವೂ ಅವರಿಗೆ ಗೊತ್ತಿತ್ತು. ನಾನು ಬರೆಯುತ್ತ ಬರೆಯುತ್ತ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಹತ್ತಾಯಿತು.

"ಹನ್ನೊಂದು, ದೊರೆಗಳು ನಿನ್ನೆ ರಾತ್ರಿ ಇಳಿದಿದ್ದ ಸರ್ಕಾರಿ ಬಂಗಲೆ. ಅದೂ ಗುಡಿನೇ. ಮಂಚ ಹಾಕ್ಯಾರಲ್ಲ ಆ ಕ್ವಾಣಿ, ಅಲ್ಲಿ ಲಿಂಗ ಇತ್ತು."

ಇದು ನಿಜ, ಊರಿಗೆಲ್ಲ ಗೊತ್ತಿದ್ದ ಮಾತು. ನಾನು ಬರೆದೆ. ಆದರೆ ಹೇಳಲಿಲ್ಲ. ಬೇರೆ ಏನೋ, ಹಳೆಯ ಕಟ್ಟಡ ಇನ್ನೊಂದಿದೆ ಎಂಬಂಥದ್ದನ್ನು ಒದರಿ ಸುಮ್ಮನಾದೆ.

ಮೇಸ್ತ್ರಿ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. "ಮಾಸ್ತರ್ರೇ, ಬಂಗಲೆ ಅನ್ನೋ ಮಾತು ನನ್ನ ಕಿವಿಗೆ ಬೀಳಲಿಲ್ಲ. ಅವರ ಭಾಷೆದಾಗೂ ಅದು ಬಂಗಲೇನ. ಅಷ್ಟು ಇಂಗ್ಲಿಷ್ ನನಗೂ ಬರ್ತೈತ್ರಿ."

ಹೇಳಿದೆ. ಮಂಚದ ಮಾತನ್ನೂ, ಲಿಂಗದ ಮಾತನ್ನೂ ಬಿಡದೆ ಹೇಳಿದೆ. ದೊರೆಸಾನಿ ಮೊಣಕಾಲೂರಿದಲ್ಲಿಂದಲೇ ತಲೆ ಎತ್ತಿ ಗಂಡನ ಮುಖ ನೋಡಿದರು, ಇದು ಹೌದೇ ಎಂದು ಕೇಳಿದರು. ದೊರೆ ಪೀಠದ ಕಡೆ ತಿರುಗಿಕೊಂಡರು.

"ಹನ್ನೆರಡನೇದು ಇದು," ಎಂದರು ಮೇಸ್ತ್ರಿ. "ಮ್ಯಾಲಿನ ಹನ್ನೊಂದೂ ತಮ್ಮ ತಮ್ಮ ಜಾಗಕ್ಕ ಹೋಗಲಿ. ಅವು ಹೋದ ದಿನ ನಾನೇ ಬಂದು ಇದನ್ನ ಕಿತ್ತು ಕೊಡ್ತೀನಿ. ಅಲ್ಲೀತನಕ ಇದಕ್ಕ ಯಾರೂ ಹಾರೆಗೋಲು ಹಚ್ಚಂಗಿಲ್ಲ."

ಅದನ್ನೂ ದಾಟಿಸಿದೆ. ಆಮೇಲೆ ದೊರೆಸಾನಿ ಎದ್ದು, ಎತ್ತಿದ್ದ ಬಟ್ಟೆಯ ಒಂದು ತುದಿ ಹಿಡಿದರು. ಹುಡುಗಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಮೊದಲಿನಂತೆ ಇಳಿಬಿಟ್ಟರು. ದೊರೆ ಅದನ್ನು ನೋಡುತ್ತ ನಿಂತಿದ್ದು, ಇನ್ನು ಮುಂದೆ ಈ ಮನುಷ್ಯ ಹಂಪಿಯಲ್ಲಿ ಯಾರಿಗೂ ದಾರಿ ತೋರಿಸಕೂಡದು, ಬಿಲ್ಲೆ ತೆಗೆದುಕೊ ಎಂದು ನನಗೆ ಹೇಳಿದರು. ನಾನು ಬಾಯಿ ತೆರೆಯುವುದರೊಳಗೆ ಮೇಸ್ತ್ರಿ ಬಿಲ್ಲೆ ಬಿಚ್ಚಿದ್ದರು. ನನ್ನ ಕೈಗೆ ಕೊಡಲಿಲ್ಲ, ದೊರೆಯ ಕೈಗೂ ಕೊಡಲಿಲ್ಲ. ಬಾಗಿಲಿಗೆ ಹೋಗಿ ಹೊಸ್ತಿಲ ಮೇಲೆ ಇಟ್ಟು ಹೊರಗೆ ನಡೆದರು. ನಾನು ಅದನ್ನು ಎತ್ತಿಕೊಳ್ಳಲಿಲ್ಲ. ದೊರೆ ಸ್ವಲ್ಪ ಹೊತ್ತು ಕಾದರು. ಆಮೇಲೆ ತಾವೇ ಬಗ್ಗಿ ತೆಗೆದುಕೊಂಡರು.

ಅಂದು ಆ ಗುಡಿಯಲ್ಲಿ ಬಗ್ಗಿದವರು ಯಾರು ಎಂದು ಕೇಳಿದರೆ, ನಾನು ಕಂಡದ್ದು ಇದು.

ಮೋಟಾರಿನಲ್ಲಿ ದೊರೆ, ಆ ಹಾಳೆ ಹರಿದುಹಾಕು ಎಂದರು. ಬರೇ ಹನ್ನೆರಡನೆಯದನ್ನು ಮೇಲಕ್ಕೆ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲವೋ, ಹನ್ನೊಂದನ್ನೂ ಕಳಿಸಲು ಧೈರ್ಯ ಬರಲಿಲ್ಲವೋ, ನಾನರಿಯೆ. ಆಗಲಿ ಸರ್ ಎಂದೆ. ಹಾಳೆಯನ್ನು ನೋಟುಬುಕ್ಕಿನಿಂದ ಬಿಡಿಸಿ ಮಡಿಚಿ ಕೋಟಿನ ಒಳಜೇಬಿಗೆ ಹಾಕಿದೆ. ಅದನ್ನು ಧೈರ್ಯ ಎಂದು ಕರೆಯಲಾರೆ. ಆಗ ದೊರೆ ಹೊರಗೆ ನೋಡುತ್ತಿದ್ದರು, ಅಷ್ಟೇ.

ಕಲ್ಲು ಕೀಳಲು ಯಾರೂ ಬರಲಿಲ್ಲ. ಆದರೆ ಬಿಲ್ಲೆ ಹೋದ ಮೇಲೆ ಮೇಸ್ತ್ರಿಗೆ ಉಳಿದದ್ದು ಸುತ್ತಿಗೆಯೊಂದೇ. ಅದೇ ಎದೆ, ಅದೇ ದಮ್ಮು, ಮತ್ತೆ ಅದೇ ಕಲ್ಲಿನ ಪುಡಿ. ಮೂರನೆಯ ವರ್ಷ ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕುಂದ್ರಿ ಎಂದು ಕೈಸನ್ನೆ ಮಾಡಿದರು. ಬಿಲ್ಲೆಯ ಮಾತು ನಾನೇ ತೆಗೆದೆ, ಆ ದಿನ ನೀವು ಸುಮ್ಮನಿದ್ದಿದ್ದರೆ... ಎಂದು. ಅವರು ಕೈ ಎತ್ತಿ ತಡೆದರು.

"ಹಾಳಿ ಐತೇನ್ರಿ?"

ಐತಿ ಎಂದೆ.

"ಇರಲಿ ಬಿಡ್ರಿ."

ಆ ಬೇಸಿಗೆಯಲ್ಲಿ ಹೋದರು. ಮಣ್ಣಿಗೆ ನಾನಿರಲಿಲ್ಲ, ಪರೀಕ್ಷೆಯ ಕೆಲಸವೆಂದು ಬಳ್ಳಾರಿಯಲ್ಲಿದ್ದೆ. ಆ ಒಂದು ಗೈರುಹಾಜರಿ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹೋದ ವಾರ ಮೋರಿಯ ರಾಶಿಯಿಂದ ಮನೆಗೆ ಬಂದು ಹಾಳೆ ತೆಗೆದೆ. ಮಡಿಕೆಗಳಲ್ಲಿ ಹರಿದಿದೆ, ಅಕ್ಷರ ಓದಲು ಬರುತ್ತದೆ. ಮರುದಿನ ಅದನ್ನು ಹಿಡಿದುಕೊಂಡು ಹೋಗಿ ಕೆಲಸ ಮಾಡಿಸುತ್ತಿದ್ದ ಎಂಜಿನಿಯರನ ಮುಂದೆ ಚಾಚಿದೆ. ಹುಡುಗ ಒಳ್ಳೆಯವನೇ, ನೆರಳಿಗೆ ಬರ್ರಿ ಅಜ್ಜಾ ಎಂದ. ಮೊದಲನೆಯ ಸಾಲು ಓದಿದ. ಆ ಕಲ್ಲು ನಿನ್ನೆ ಸಂಜೆಯೇ ಜಲ್ಲಿಯಾಯಿತು ಎಂದ.

ಪಟ್ಟಿಯಲ್ಲಿ ಮೊದಲನೆಯದು ಹೋಯಿತು. ಹೋದದ್ದು ತನ್ನ ಜಾಗಕ್ಕಲ್ಲ, ಆದ್ದರಿಂದ ಮೇಸ್ತ್ರಿಯ ಮಾತು ಇನ್ನೂ ನಡೆಯುತ್ತದೆ. ಹನ್ನೆರಡನೆಯದು ಬಟ್ಟೆಯ ಕೆಳಗೆ ಇದ್ದಲ್ಲೇ ಇದೆ.

ದೊರೆ, ದೊರೆಸಾನಿ ಎಲ್ಲಿ ಹೋದರೋ ತಿಳಿಯದು. ಅಂದು ಆ ಕೋಣೆಯಲ್ಲಿದ್ದು ಎಲ್ಲವನ್ನೂ ಕಂಡವರಲ್ಲಿ ನಾನಿದ್ದೇನೆ. ಎಮ್ಮಿಗನೂರಿಗೆ ಸೊಸೆಯಾಗಿ ಹೋದ ಮೇಸ್ತ್ರಿಯ ಮಗಳು ಇದ್ದಾಳೆ. ಅಪ್ಪ ಕಾಲಿಗೆ ಬಿದ್ದ ಎನ್ನುವವರು ಅವಳ ಮುಂದೆ ಹೋಗಿ ಹೇಳಲಿ.